ನೆರಳಿನಲ್ಲಿ ಒಣಗಿದ ಬಿಲ್ಲೆ

(ಪೆರ್ಡೂರಿನಲ್ಲಿ ಕೊಟ್ಟ ದತ್ತಿ ಉಪನ್ಯಾಸದ ಲಿಖಿತ ರೂಪ)



ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಸಂಚಾಲಕರು ನನಗೇ ಬಿಟ್ಟಾಗ, ಕದಳೀಪ್ರಿಯನಾದ ಅನಂತಪದ್ಮನಾಭನ ಸನ್ನಿಧಿಯಿರುವ ಈ ಊರಿನಲ್ಲಿ ದೇವಳದ ಶಿಲ್ಪವನ್ನೋ ಪೆರ್ಡೂರು ಮೇಳದ ಯಕ್ಷಗಾನವನ್ನೋ ಕುರಿತು ಮಾತನಾಡುವುದೇ ಉಚಿತವೆಂದು ಮಿತ್ರರು ಕೆಲವರು ಸೂಚಿಸಿದ್ದುಂಟು. ಆದರೆ ಆ ಎರಡು ವಿಷಯಗಳಲ್ಲಿಯೂ ಈ ಸಭೆಯ ಕಟ್ಟಕಡೆಯ ಸಾಲಿನಲ್ಲಿ ಕುಳಿತವರಿಗೆ ನನಗಿಂತ ಹೆಚ್ಚು ತಿಳಿದಿರುವುದರಿಂದ, ಆಯುಸ್ಸಿನ ಬಹುಭಾಗವನ್ನು ಮಣ್ಣಿನೊಡನೆ ಕಳೆದವನಾದ ನಾನು, ಕೈಯಿಂದ ಮಾಡತಕ್ಕ ಅಲಂಕೃತ ಪಿಂಗಾಣಿ ಬಿಲ್ಲೆಯನ್ನೇ ಇಂದಿನ ಪ್ರಸಂಗವನ್ನಾಗಿ ಇಟ್ಟುಕೊಂಡಿದ್ದೇನೆ. ಗೋಡೆಗೆ ಕೂರಿಸಿದ ಬಿಲ್ಲೆಯ ಮುಂದೆ ನಿಂತಾಗ ನಾವೆಲ್ಲರೂ ಅದರ ಹೂಬಳ್ಳಿಯನ್ನು ಮೆಚ್ಚಿ, ಚಿತ್ರಕಾರನ ಕೈಯನ್ನು ಕೊಂಡಾಡಿ, ಮುಂದಕ್ಕೆ ಹೋಗುತ್ತೇವೆ. ಆ ಬಳ್ಳಿಗೆ ಆಸರೆಯಾದ ಮಣ್ಣು ಸೊಟ್ಟಗಾಗದೆ ಸಮತಟ್ಟಾಗಿ ನಿಂತದ್ದು ಯಾರ ಪುಣ್ಯದಿಂದ ಎಂದು ಕೇಳುವವರು ವಿರಳ. ಕೇಳಿದರೆ ಹೇಳಬೇಕಾದ ಉತ್ತರ ಇಷ್ಟೆ: ಒಣಗಿಸಿದವನ ಪುಣ್ಯದಿಂದ. ಈ ಒಂದು ಮಾತಿಗೆ ನಾನು ಒಂದು ಗಂಟೆಯ ಕಾಲವನ್ನು ತೆಗೆದುಕೊಳ್ಳುವವನಿದ್ದೇನೆ.

ಬಿಲ್ಲೆಯ ನೆಂಟನಾದ ಹಂಚೆಂಬುದು ಈ ಸೀಮೆಯವರಿಗೆ ಅಪರಿಚಿತ ವಸ್ತುವಲ್ಲ. ತುಳುವಿನಲ್ಲಿ ಅದು ಓಡು. ದೋಸೆ ಹುಯ್ಯುವ ಮಣ್ಣಿನ ಕಾವಲಿಯೂ ಓಡೇ, ಮಾಡಿಗೆ ಹೊದಿಸುವುದೂ ಓಡೇ, ಮಣ್ಣಿನ ಕಸುಬಿನವನು ಓಡಾರಿ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬಾತನು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ತರುವಾಯ, ನೇತ್ರಾವತಿ ಗುರುಪುರ ಹೊಳೆಗಳ ಬಳಿಯ ಜೇಡಿಯಿಂದ ಒತ್ತಿದ ಕೆಂಪು ಹಂಚು ನಮ್ಮ ಊರುಗಳ ಮುಳಿಹುಲ್ಲಿನ ಮಾಡುಗಳನ್ನು ಇಳಿಸಿ, ಹಡಗನ್ನೇರಿ ಪರದೇಶಗಳಿಗೂ ಹೋಗಿ, ಮಂಗಳೂರಿನ ಹೆಸರನ್ನು ತನ್ನ ಬೆನ್ನಿನ ಮೇಲೆ ಹೊತ್ತು ತಿರುಗಿತು. ಅದನ್ನು ಕೆಂಪಗೆ ಮಾಡುವುದು ಮಣ್ಣಿನಲ್ಲಿರುವ ಕಬ್ಬಿಣ. ಆ ಕಬ್ಬಿಣವೇ ಪಿಂಗಾಣಿಗೆ ಶತ್ರು. ಹಂಚು ಸುಟ್ಟ ಮೇಲೂ ನೀರನ್ನು ಕುಡಿಯುತ್ತದೆ. ಮೊದಲ ಮಳೆ ಬಿದ್ದಾಗ ಮಾಡಿನಿಂದ ಬರುವ ಪರಿಮಳ ಅದರ ಬಾಯಾರಿಕೆಯದು. ಪಿಂಗಾಣಿಯಾದರೋ 1300 ಡಿಗ್ರಿಯ ಸುತ್ತುಮುತ್ತಿನ ಕಿಚ್ಚಿನಲ್ಲಿ ತನ್ನ ರಂಧ್ರಗಳನ್ನೆಲ್ಲ ತಾನೇ ಮುಚ್ಚಿಕೊಂಡು, ಅರ್ಧ ಕಲ್ಲು ಅರ್ಧ ಗಾಜು ಆಗಿ, ಬೆರಳಿನಿಂದ ತಟ್ಟಿದರೆ ಕಂಚಿನ ಬಟ್ಟಲಿನಂತೆ ನಾದಗೊಡುತ್ತದೆ.

ಇಂತಹ ಶುಭ್ರವಸ್ತುವಿಗೂ ಪೆರ್ಡೂರಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಈ ಊರಿನ ಹೆಸರಿನಲ್ಲಿ ತುಳುವಿನ ‘ಪೇರ್’ ಅನ್ನು, ಎಂದರೆ ಹಾಲನ್ನು, ಕೇಳಿಸಿಕೊಳ್ಳುವವರಿದ್ದಾರೆ. ನಾನು ಅಷ್ಟು ದೂರ ಹೋಗದೆ, ನಿಮ್ಮ ಬಾವಿಯವರೆಗೆ ಮಾತ್ರ ಹೋಗುತ್ತೇನೆ. ಬಾವಿ ತೋಡುವಾಗ ಮೊದಲು ಸಿಕ್ಕುವುದು ಮುರಕಲ್ಲು. 1800–01ರಲ್ಲಿ ಮೈಸೂರು, ಕೆನರಾ, ಮಲೆಯಾಳ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಅಂಗಡಿಪುರದಲ್ಲಿ ಕಂಡು, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಲ್ಯಾಟರೈಟ್ ಎಂದು ನಾಮಕರಣ ಮಾಡಿದ್ದು ಈ ಕಲ್ಲಿಗೇ. ಮುರಕಲ್ಲಿನ ಪದರವನ್ನು ಕಡಿದು ಕೆಳಗಿಳಿದರೆ, ಗುದ್ದಲಿಗೆ ಸದ್ದಿಲ್ಲದೆ ಒಪ್ಪಿಕೊಳ್ಳುವ, ಒಂದೆಡೆ ಬಿಳಿ, ಒಂದೆಡೆ ತಿಳಿಗೆಂಪು, ಒಂದೆಡೆ ಅರಿಸಿನದ ಛಾಯೆಯಿರುವ ಮೆದುಮಣ್ಣು ಬರುತ್ತದೆ, ಅದೇ ಶೇಡಿ. ಬಾವಿಯವನಿಗೆ ಅದನ್ನು ಕಂಡರೆ ಆಗದು, ಏಕೆಂದರೆ ನೀರು ತಾಗಿದರೆ ಕುಸಿಯುತ್ತದೆ. ಅದರ ಬಿಳಿಯ ಭಾಗವನ್ನು ಕಲಸಿ ಗೋಡೆಯ ಅಂಚಿಗೂ ನೆಲಕ್ಕೂ ಗೆರೆಯೆಳೆಯುತ್ತಿದ್ದ ಹೆಂಗಸರಿಗೆ ಮಾತ್ರ ಅದು ಬೇಕಾದ ಮಣ್ಣಾಗಿತ್ತು. ಈ ಶೇಡಿಯಲ್ಲಿ ಹೇರಳವಾಗಿರುವ ಖನಿಜಕ್ಕೆ ಕೆಯೊಲಿನೈಟ್ ಎಂದು ಹೆಸರು. ಚೀನದ ಜಿಂಗ್‌ದೆಜೆನ್ ನಗರದ ಪಿಂಗಾಣಿಗೆ ಮಣ್ಣನ್ನೊದಗಿಸಿದ ಗಾವೊಲಿಂಗ್ ಎಂಬ ಊರಿನಿಂದ ಬಂದ ಹೆಸರದು. ಆ ಊರಿನ ಖನಿಜವೇ ನಿಮ್ಮ ಬಾವಿಯ ಗೋಡೆಯಲ್ಲಿಯೂ ಇದೆ.

ಆದರೆ ಇದ್ದಮಾತ್ರಕ್ಕೆ ಹಿಗ್ಗುವ ಹಾಗಿಲ್ಲ. ಪಿಂಗಾಣಿಗೆ ಮೂರು ದ್ರವ್ಯಗಳು ಬೇಕು. ಸುಮಾರಾಗಿ ಅರ್ಧದಷ್ಟು ಬಿಳಿಜೇಡಿ, ಕಾಲುಭಾಗ ಫೆಲ್ಡ್‌ಸ್ಪಾರ್, ಕಾಲುಭಾಗ ಬೆಣಚುಕಲ್ಲಿನ ಹಿಟ್ಟು ಎಂಬುದು ಯೂರೋಪಿನ ಗಡಸು ಪಿಂಗಾಣಿಯ ಹಳೆಯ ಲೆಕ್ಕ. ಜೇಡಿ ಆಕಾರವನ್ನು ಹಿಡಿಯುತ್ತದೆ, ಫೆಲ್ಡ್‌ಸ್ಪಾರ್ ಕರಗಿ ಗಾಜಾಗಿ ಎಡೆಗಳನ್ನು ತುಂಬುತ್ತದೆ, ಬೆಣಚು ಇವೆರಡರ ನಡುವೆ ಬೆನ್ನೆಲುಬಾಗಿ ನಿಲ್ಲುತ್ತದೆ. ಇಲ್ಲೊಂದು ಸ್ವಾರಸ್ಯವುಂಟು. ಜೇಡಿಯೆಂಬುದು ಹಿಂದೊಮ್ಮೆ ಫೆಲ್ಡ್‌ಸ್ಪಾರೇ ಆಗಿತ್ತು. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಸುರಿಯುವ ನಮ್ಮ ಮಳೆಯಂತಹ ಮಳೆಯು ಯುಗಯುಗಾಂತರಗಳಲ್ಲಿ ಬಂಡೆಯೊಳಕ್ಕೆ ಇಳಿದು, ಫೆಲ್ಡ್‌ಸ್ಪಾರಿನ ಕ್ಷಾರವನ್ನೆಲ್ಲ ತೊಳೆದೊಯ್ದು ಸಮುದ್ರಕ್ಕೆ ಸೇರಿಸಿದ ಮೇಲೆ, ಉಳಿದ ನಿಸ್ಸಾರವಾದ ಮೃದು ಶೇಷವೇ ಶೇಡಿ. ಮಳೆಯು ಕಿತ್ತುಕೊಂಡದ್ದನ್ನು ಕುಂಬಾರನು ದುಡ್ಡು ಕೊಟ್ಟು ತಂದು ಮರಳಿ ಕಲಸಬೇಕಾಗಿದೆ.

ಕಲಸುವುದಕ್ಕೆ ಮೊದಲು ತೊಳೆಯಬೇಕು. ಮಣ್ಣನ್ನು ನೀರಿನಲ್ಲಿ ಕದಡಿ, ಮರಳು ತಳಕ್ಕಿಳಿಯುವಷ್ಟು ಹೊತ್ತು ಬಿಟ್ಟು, ಮೇಲಿನ ಹಾಲಿನಂತಹ ನೀರನ್ನು ಇನ್ನೊಂದು ಕೊಪ್ಪರಿಗೆಗೆ ಬಸಿದು, ಹೀಗೆ ಮೂರು ನಾಲ್ಕು ಬಾರಿ ಮಾಡಿ, ಸಣ್ಣಕಣ್ಣಿನ ಜರಡಿಯಲ್ಲಿ ಸೋಸಿ, ಅಯಸ್ಕಾಂತವನ್ನು ಆಡಿಸಿದರೆ ಕಬ್ಬಿಣದ ಸಣ್ಣ ಕಣಗಳು ಕಪ್ಪು ಮೀಸೆಯಂತೆ ಅದಕ್ಕೆ ಅಂಟಿಕೊಂಡು ಬರುತ್ತವೆ. ಜೇಡಿಯ ಕಣಕಣಕ್ಕೂ ಲೇಪವಾಗಿ ಹತ್ತಿಕೊಂಡ ಕಬ್ಬಿಣ ಮಾತ್ರ ಅಯಸ್ಕಾಂತಕ್ಕೆ ಬಗ್ಗುವುದಿಲ್ಲ. ಮುರಕಲ್ಲಿನ ನೆರೆಯಲ್ಲಿ ಬಾಳಿದ ಮಣ್ಣು ನೆರೆಯವರ ಬಣ್ಣವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡದು. ಸೋಸಿದ ಕೆಸರನ್ನು ಹಿಂಡಿ, ಕಣಕದ ಹದಕ್ಕೆ ತಂದು, ಒದ್ದೆ ಗೋಣಿಯ ಅಡಿಯಲ್ಲಿ ವಾರಗಟ್ಟಲೆ ಕೊಳೆಹಾಕಬೇಕು. ತಿಂಗಳು ಕಳೆದ ಮಣ್ಣು ಹೊಸ ಮಣ್ಣಿಗಿಂತ ಹೆಚ್ಚು ವಿಧೇಯವೆಂಬುದನ್ನು ಅದನ್ನು ತುಳಿದವರು ಬಲ್ಲರು.

ಇನ್ನು ಬಿಲ್ಲೆ. ಮಡಕೆಗೆ ತಿಗರಿ ಇದೆ. ತಿರುಗುವ ಚಕ್ರವೇ ಮಡಕೆಗೆ ಒಂದು ಸಮತೆಯನ್ನು ಕೊಡುತ್ತದೆ, ದುಂಡಾದ ವಸ್ತುವು ಎಲ್ಲ ಕಡೆಯಿಂದಲೂ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಚಪ್ಪಟೆಯಾದ ವಸ್ತುವಿಗೆ ಅಂತಹ ಆಸರೆ ಯಾವುದೂ ಇಲ್ಲ. ಕಸುಬನ್ನು ಅರಿಯದವರು ಹೂಜಿಯೇ ಕಷ್ಟ, ಬಿಲ್ಲೆಯೇ ಸುಲಭ ಎಂದುಕೊಳ್ಳುತ್ತಾರೆ. ನಾನೂ ಎಣಿಸಿದ್ದು ಹಾಗೆಯೇ. ಚೆನ್ನಾಗಿ ನಾದಿ ಗಾಳಿಯ ಗುಳ್ಳೆಯನ್ನೆಲ್ಲ ಹೊರಗಟ್ಟಿದ ಮಣ್ಣಿನ ಮುದ್ದೆಯನ್ನು ಬಟ್ಟೆಯ ಮೇಲಿಟ್ಟು, ಎರಡು ಪಕ್ಕಗಳಲ್ಲಿ ಸಮದಪ್ಪದ ಪಟ್ಟಿಗಳನ್ನಿರಿಸಿ, ಅವುಗಳ ಮೇಲೆ ಲಟ್ಟಣಿಗೆಯನ್ನು ಉರುಳಿಸಬೇಕು. ಒಂದೇ ದಿಕ್ಕಿಗೆ ಉರುಳಿಸುತ್ತ ಹೋದರೆ ಜೇಡಿಯ ಕಣಗಳು, ಅವು ಚಪ್ಪಟೆಯಾದ ಹಾಳೆಗಳಂತಹವಾದುದರಿಂದ, ಆ ದಿಕ್ಕಿಗೇ ಮಲಗಿ, ಒಣಗುವಾಗ ಅಗಲದಲ್ಲೊಂದು ಲೆಕ್ಕ, ಉದ್ದದಲ್ಲೊಂದು ಲೆಕ್ಕವೆಂಬಂತೆ ಕುಗ್ಗುತ್ತವೆ. ಆದುದರಿಂದ ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ, ಮಗುಚಿ ಹಾಕಿ ಮತ್ತೊಮ್ಮೆ. ಆ ಬಳಿಕ ಅದನ್ನು ಒಂದು ಮೂಲೆಯಲ್ಲಿ ಹಿಡಿದು ಎತ್ತಕೂಡದು. ಎತ್ತಿದರೆ ಮೂಲೆ ಸ್ವಲ್ಪ ಬಾಗುತ್ತದೆ. ಅಂಗೈಯಿಂದ ಒತ್ತಿ ಸರಿಮಾಡಿದರೆ ಸರಿಯಾದಂತೆಯೇ ಕಾಣುತ್ತದೆ. ಮೂರು ವಾರಗಳ ಮೇಲೆ ಆವಿಗೆಯಿಂದ ಹೊರಬರುವಾಗ, ಅದೇ ಮೂಲೆ, ಅಷ್ಟೇ ಬಾಗಿಕೊಂಡಿರುತ್ತದೆ. ಮಣ್ಣಿಗೆ ಸ್ಮೃತಿಯಿದೆಯೆಂದು ಕಸುಬಿನವರು ಹೇಳುವುದು ಅಲಂಕಾರದ ಮಾತಲ್ಲ. ಹಲಗೆಯೊಂದನ್ನು ಮೇಲೆ ಮುಚ್ಚಿ, ಅಡಿಯ ಹಲಗೆಯೊಡನೆ ಒಟ್ಟಿಗೇ ಎತ್ತಿ ಮಗುಚುವುದೊಂದೇ ಕ್ರಮ.

ಅನಂತರದ್ದು ನೆರಳು. ನಿಮ್ಮ ಮನೆಗಳಲ್ಲಿ ಹಲಸಿನ ಹಪ್ಪಳವನ್ನು ಒತ್ತಿ ಅಂಗಳದ ಚಾಪೆಯ ಮೇಲೆ ಹರವುವ ದಿನಗಳನ್ನು ನೆನಪಿಗೆ ತಂದುಕೊಳ್ಳಿ. ಮಧ್ಯಾಹ್ನದ ಬಿರುಬಿಸಿಲಿಗೆ ಒಮ್ಮೆಗೇ ಒಡ್ಡಿದ ಹಪ್ಪಳದ ಅಂಚು ಮೊದಲು ಒಣಗಿ ಮೇಲಕ್ಕೆ ಸುರುಟಿಕೊಳ್ಳುತ್ತದೆ, ನಡುವು ಇನ್ನೂ ಹಸಿಯಾಗಿಯೇ ಇರುತ್ತದೆ. ಅನುಭವವುಳ್ಳ ಅಜ್ಜಿಯಾದರೆ ಅಂಚು ಏಳುವ ಮೊದಲೇ ಬಂದು ಮಗುಚಿ ಹಾಕುತ್ತಾಳೆ. ಬಿಲ್ಲೆಯ ವಿದ್ಯೆ ಈ ಅಜ್ಜಿಯ ವಿದ್ಯೆಯೇ. ಅಂಚಿನಿಂದ ನೀರು ಬೇಗನೆ ಹೋಗುತ್ತದೆ, ನೀರು ಹೋದಲ್ಲಿ ಮಣ್ಣು ಕುಗ್ಗುತ್ತದೆ, ಕುಗ್ಗಿದ ಅಂಚು ಕುಗ್ಗದ ನಡುವನ್ನು ಎಳೆಯುತ್ತದೆ. ಅದಕ್ಕಾಗಿ ಅಂಚಿಗೆ ಒದ್ದೆ ಬಟ್ಟೆಯ ಪಟ್ಟಿಯನ್ನು ಸುತ್ತಿ, ಬಿಲ್ಲೆಯನ್ನು ನೀರು ಹೀರುವ ಗಿಪ್ಸಮ್ ಗಾರೆಯ ಎರಡು ಹಲಗೆಗಳ ನಡುವೆ ಇರಿಸಿ, ದಿನಕ್ಕೆರಡು ಬಾರಿ ಮಗುಚುತ್ತ, ಗಾಳಿ ನೇರವಾಗಿ ಬೀಸದ ಕೋಣೆಯಲ್ಲಿ ಹತ್ತು ಹನ್ನೆರಡು ದಿವಸ ಕಾಯಬೇಕು. ತೊಗಲಿನಷ್ಟು ಗಟ್ಟಿಯಾದಾಗ ಅಳತೆಗೆ ಕೊಯ್ದು, ಗಾರೆ ಹಿಡಿಯುವುದಕ್ಕೆ ಬೆನ್ನಿನಲ್ಲಿ ಗೀರುಗಳನ್ನು ಹಾಕುತ್ತಾರೆ. ಉಬ್ಬುಚಿತ್ರ ಬೇಕಾದರೆ ಕೆತ್ತುವುದೂ ಆಗಲೇ. ಒಣಗುವಾಗಲೂ ಸುಡುವಾಗಲೂ ಕುಗ್ಗುವುದನ್ನು ಕೂಡಿಸಿಕೊಂಡು, 15 ಸೆಂಟಿಮೀಟರಿನ ಬಿಲ್ಲೆ ಬೇಕಾದವನು 17 ಸೆಂಟಿಮೀಟರಿಗೂ ಸ್ವಲ್ಪ ಮೇಲಾಗಿಯೇ ಕೊಯ್ಯತಕ್ಕುದು.

ಇದನ್ನು ನಾನು ಗ್ರಂಥದಿಂದ ಕಲಿತವನಲ್ಲ. ನಾನು ಮೊದಲು ಕೆಲಸ ಕಲಿತ ಕಮ್ಮಟದ ಹೆಸರು ಇಲ್ಲಿ ಅನಾವಶ್ಯಕ. ಅದು ಮಳೆಗಾಲದ ಆಟಿಯ ತಿಂಗಳು, ಕೋಣೆಯ ಗೋಡೆಯೇ ಬೆವರುತ್ತಿತ್ತು, ಒಂಬತ್ತು ದಿನ ಕಳೆದರೂ ನನ್ನ 36 ಬಿಲ್ಲೆಗಳು ಮುಟ್ಟಿದರೆ ತಣ್ಣಗಿದ್ದುವು. ಮಣ್ಣನ್ನು ಕೆನ್ನೆಗೆ ಒತ್ತಿಕೊಂಡು ನೋಡುವುದು ನಮ್ಮಲ್ಲಿಯ ಕ್ರಮ; ತಣ್ಣಗಿದ್ದರೆ ಒಳಗೆ ನೀರಿದೆಯೆಂದು ಅರ್ಥ. ಯೌವನದ ಅವಸರ ನೋಡಿ, ಮೇಲ್ವಿಚಾರಕರು ಊಟಕ್ಕೆ ಹೋದ ಹೊತ್ತಿನಲ್ಲಿ ನಾನು ಅಷ್ಟನ್ನೂ ಅಡುಗೆಯ ಒಲೆಯ ಹಿಂಬದಿಯ ಅಟ್ಟಕ್ಕೆ ಸಾಗಿಸಿದೆನು. ಸಂಜೆಗೆ ಕೆನ್ನೆಗೆ ಬೆಚ್ಚಗೆ ತಾಗಿದುವು. ಆವಿಗೆಯಿಂದ ಇಳಿಸಿದಾಗ ಇಪ್ಪತ್ತೇಳು ಬಿಲ್ಲೆಗಳು ದೋಣಿಯಂತೆ ಬಾಗಿದ್ದುವು, ಐದು ನಡುವೆ ಸೀಳಿದ್ದುವು. ಮೇಲ್ವಿಚಾರಕರು ಬೈಯಲಿಲ್ಲ, ಬಾಗಿದ ಒಂದನ್ನು ಆರಿಸಿ ತಮ್ಮ ಮೇಜಿನ ಮೇಲಿಟ್ಟುಕೊಂಡು, ಅದರಲ್ಲಿ ಎಲೆ ಅಡಿಕೆ ಇಡತೊಡಗಿದರು. ನಾನು ಅಲ್ಲಿ ಇದ್ದಷ್ಟು ಕಾಲವೂ ಅದು ಅಲ್ಲಿಯೇ ಇತ್ತು.

ಒಣಗಿದ ಬಿಲ್ಲೆಯನ್ನು 900ರಿಂದ 1000 ಡಿಗ್ರಿಯವರೆಗೆ ಒಮ್ಮೆ ಸುಡುತ್ತಾರೆ. 573 ಡಿಗ್ರಿಯಲ್ಲಿ ಬೆಣಚುಕಲ್ಲಿನ ಹರಳು ಒಮ್ಮೆಗೇ ಮೈಯನ್ನು ಹಿಗ್ಗಿಸುತ್ತದೆ, ಆರುವಾಗ ಅಲ್ಲಿಯೇ ಕುಗ್ಗುತ್ತದೆ. ಆ ಹೊಸ್ತಿಲನ್ನು ಎರಡು ಸಲವೂ ಮೆಲ್ಲಗೆ ದಾಟಬೇಕೆಂಬುದಿಷ್ಟೇ ಇಲ್ಲಿ ಹೇಳತಕ್ಕ ಮಾತು. ಹೊರಗೆ ಬಂದ ಬಿಲ್ಲೆ ಸುಣ್ಣದ ಕಡ್ಡಿಯಂತೆ ಹಗುರ, ನಾಲಗೆಗೆ ತಾಗಿಸಿದರೆ ಅಂಟಿಕೊಳ್ಳುವಷ್ಟು ದಾಹ. ಚಿತ್ರಕಾರನ ಕೈಗೆ ಅದು ಬರುವುದು ಈ ಸ್ಥಿತಿಯಲ್ಲಿ.

ಚಿತ್ರವನ್ನು ಮೊದಲು ಕಾಗದದ ಮೇಲೆ ಬರೆದು, ಗೆರೆಗಳ ಉದ್ದಕ್ಕೂ ಸೂಜಿಯಿಂದ ತೂತುಗಳನ್ನು ಚುಚ್ಚಿ, ಬಿಲ್ಲೆಯ ಮೇಲೆ ಹರವಿ, ಇದ್ದಿಲಿನ ಪುಡಿಯ ಚೀಲದಿಂದ ಮೃದುವಾಗಿ ತಟ್ಟಿದರೆ ಚುಕ್ಕಿಗಳ ಸಾಲು ಇಳಿಯುತ್ತದೆ. ತೂತಿನ ಕೊಳವೆಯನ್ನುರುಳಿಸಿ ರಂಗೋಲಿಯಿಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇದ್ದಿಲು ಬೆಂಕಿಯಲ್ಲಿ ಸುಟ್ಟುಹೋಗುವುದರಿಂದ ಗುರುತು ಉಳಿಯದು. ಚುಕ್ಕಿಯಿಂದ ಚುಕ್ಕಿಗೆ ಎಳೆಯುವ ಗೆರೆ ಕೋಬಾಲ್ಟಿನದು. ನೀರಿನಲ್ಲಿ ಅರೆದಾಗ ಅದು ನೀಲಿಯಲ್ಲ, ಬೂದಿಗಪ್ಪು. ಮುಂದೆ ಕಿಚ್ಚಿನಲ್ಲಿ ಯಾವ ನೀಲಿಯಾಗುವುದೆಂಬುದನ್ನು ಕೈಯು ಅಂದಾಜಿನಿಂದಲೇ ತಿಳಿಯಬೇಕು: ತೆಳುವಾದರೆ ಮುಗಿಲು, ದಪ್ಪವಾದರೆ ಶಾಯಿ, ಅತಿಯಾದರೆ ಮೆರುಗನ್ನೂ ಒಡೆದು ಮೇಲೇಳುವ ಕರಿಕಲೆ. ಬಾಯಾರಿದ ಬಿಲ್ಲೆ ಕುಂಚ ತಾಗಿದ ಕ್ಷಣದಲ್ಲಿಯೇ ನೀರನ್ನು ಹೀರಿಬಿಡುತ್ತದೆ. ಕುಂಚ ನಿಂತಲ್ಲಿ ಕಲೆ, ಅನುಮಾನಿಸಿದಲ್ಲಿ ನಡುಕ. ಎಲೆಯೊಂದನ್ನು ಬರೆಯುವವನು ತೊಟ್ಟಿನ ಬಳಿ ಕುಂಚವನ್ನಿಟ್ಟು, ಹೊಟ್ಟೆಯಲ್ಲಿ ಒತ್ತಿ, ತುದಿಗೆ ಬರುವಾಗ ಉಸಿರಿನೊಡನೆ ಎತ್ತಬೇಕು. ಎರಡನೆಯ ಸಲ ತಿದ್ದುವುದೆಂಬುದಿಲ್ಲ. ಗೆರೆ ಉಬ್ಬಬೇಕೆಂದಿದ್ದರೆ ಇನ್ನೊಂದು ಕ್ರಮವುಂಟು: ಬಿಲ್ಲೆ ಹಸಿಯಾಗಿರುವಾಗಲೇ, ಮದರಂಗಿಯ ಕೋನಿನಂತಹ ಚೀಲದಿಂದ ನೀರುಮಣ್ಣನ್ನು ಹಿಂಡಿ ಎಳೆಯೆಳೆಯಾಗಿ ಬಳ್ಳಿ ಬಿಡಿಸಿ, ಆ ದಂಡೆಗಳ ನಡುವಣ ಮಡಿಗಳಿಗೆ ಆಮೇಲೆ ಬಣ್ಣದ ಮೆರುಗನ್ನು ಗದ್ದೆಗೆ ನೀರು ಬಿಟ್ಟಂತೆ ತುಂಬುವುದು.

ಕೈಬರಹವೆಂದರೇನೆಂಬುದನ್ನು ಕಣ್ಣಾರೆ ಕಾಣಬೇಕಾದವರು ನಮ್ಮ ಈ ಕಡಲಿನ ದಡದಲ್ಲಿಯೇ ತೆಂಕಣಕ್ಕೆ ಹೋಗಿ, ಕೊಚ್ಚಿಯ ಪರದೇಶಿ ಸಿನಗಾಗಿನ ನೆಲವನ್ನು ನೋಡಿಬರಲಿ. 1568ರ ಆ ಯೆಹೂದ್ಯ ಮಂದಿರಕ್ಕೆ ಹದಿನೆಂಟನೆಯ ಶತಮಾನದಲ್ಲಿ ಚೀನದಿಂದ ಬಂದ ನೀಲಿ ಬಿಳಿಯ ಬಿಲ್ಲೆಗಳಲ್ಲಿ ಒಂದರಂತೆ ಇನ್ನೊಂದಿಲ್ಲವೆಂಬುದು ಪ್ರಸಿದ್ಧ. ನಾನು ಪಾದರಕ್ಷೆಗಳನ್ನು ಹೊರಗಿಟ್ಟು ಮೊಣಕಾಲೂರಿ ನೋಡಿದಾಗ, ವಿಲೋ ಮರದ ಒಂದೇ ಕೊಂಬೆ ಒಂದರಲ್ಲಿ ಎಡಕ್ಕೆ ತುಸು ಹೆಚ್ಚು ಬಾಗಿದ್ದನ್ನೂ, ಮತ್ತೊಂದರಲ್ಲಿ ಕುಂಚ ಒಣಗಿ ಗೆರೆ ಸವೆದದ್ದನ್ನೂ ಕಂಡೆನು. ನಮ್ಮ ನಾಡಿನ ಬೀದರಿನಲ್ಲಿ 1472ರಲ್ಲಿ ಮಹಮೂದ್ ಗವಾನನು ಕಟ್ಟಿಸಿದ ಮದರಸದ ಗೋಡೆಗಳಲ್ಲಿ ಉಳಿದಿರುವ ಬಿಲ್ಲೆಗೆಲಸವನ್ನು ಇದರೊಡನೆ ಸೇರಿಸಿ ಹೇಳುವವರುಂಟು. ಅದು ಪಿಂಗಾಣಿಯಲ್ಲ, ಪರ್ಷಿಯದ ಕುಶಲರ ಬೇರೆಯೇ ಒಂದು ವಿದ್ಯೆ. ಆ ದೇಶದ ಕಾಶಾನಿನ ಅಬುಲ್ ಕಾಸಿಮನು 1301ರಲ್ಲಿ ಬರೆದಿಟ್ಟ ಕ್ರಮದಲ್ಲಿ, ಹತ್ತು ಪಾಲು ಬೆಣಚಿನ ಹಿಟ್ಟಿಗೆ ಒಂದು ಪಾಲು ಗಾಜಿನ ಪುಡಿ, ಒಂದೇ ಪಾಲು ಬಿಳಿಜೇಡಿ. ಪಿಂಗಾಣಿಯ ಗುಟ್ಟು ತಿಳಿಯದವರು ಅದರ ಬಿಳುಪಿಗೆ ಹಂಬಲಿಸಿ ಕಂಡುಕೊಂಡ ಅಡ್ಡದಾರಿ ಅದು, ಅತ್ಯಂತ ಸುಂದರವಾದ ಅಡ್ಡದಾರಿ.

ಬರೆದ ಬಿಲ್ಲೆಗೆ ಫೆಲ್ಡ್‌ಸ್ಪಾರ್, ಬೆಣಚು, ಸುಣ್ಣಕಲ್ಲು, ಸ್ವಲ್ಪ ಜೇಡಿ ಇವುಗಳನ್ನು ಮಜ್ಜಿಗೆಯ ಹದಕ್ಕೆ ಕಲಸಿದ ಮೆರುಗಿನ ಲೇಪವನ್ನು ಮೇಲಿನಿಂದ ಒಂದೇ ಧಾರೆಯಾಗಿ ಹೊಯ್ಯುತ್ತಾರೆ. ಚಿತ್ರವೆಲ್ಲ ಹಿಟ್ಟಿನ ಕೆಳಗೆ ಮುಚ್ಚಿಹೋಗುತ್ತದೆ. ಬೆನ್ನಿಗೆ ತಾಗಿದ್ದನ್ನು ಸ್ಪಂಜಿನಿಂದ ಒರೆಸದಿದ್ದರೆ ಬಿಲ್ಲೆ ಆವಿಗೆಯ ಹಲಗೆಗೆ ಕರಗಿ ಬೆಸೆದುಕೊಂಡೀತು. ಎರಡನೆಯ ಸುಡುವಿಕೆಯೇ ನಿಜವಾದ ಅಗ್ನಿಪರೀಕ್ಷೆ. 1200 ಡಿಗ್ರಿಗೆ ಸಮೀಪಿಸುವಾಗ ಫೆಲ್ಡ್‌ಸ್ಪಾರ್ ಕರಗತೊಡಗುತ್ತದೆ; ಜೇಡಿಯಿಂದ ಮುಲ್ಲೈಟ್ ಎಂಬ ಸೂಜಿಯಂತಹ ಹರಳುಗಳು ಹುಟ್ಟಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ; ಆ ಹೆಣಿಗೆಯ ಬಲದಿಂದ ಮಾತ್ರ ಬಿಲ್ಲೆ ಕುಸಿಯದೆ ನಿಂತಿರುತ್ತದೆ. 1300ರ ಮೇಲೆ ಅದು ಬಿಸಿ ಬೆಲ್ಲದಚ್ಚಿನಷ್ಟು ಮೆದು. ಹಲಗೆಯಲ್ಲಿ ಒಂದು ಕಾಗದದಷ್ಟು ತಗ್ಗಿದ್ದರೂ ಅದರ ಅಚ್ಚು ಬಿಲ್ಲೆಯ ಮೈಮೇಲೆ ಮೂಡುತ್ತದೆ. ಶಾಖವನ್ನು ಅಳೆಯಲು ಹರ್ಮನ್ ಸೇಗರನು 1886ರಲ್ಲಿ ಬಳಕೆಗೆ ತಂದ ಮಣ್ಣಿನ ಸಣ್ಣ ಶಂಕುಗಳನ್ನು ಇಣುಕುಗಂಡಿಯ ಎದುರಿಗೆ ನಿಲ್ಲಿಸುತ್ತಾರೆ. ಶಂಕು ತಲೆಬಾಗಿ ಹಲಗೆಯನ್ನು ಮುಟ್ಟಿದಾಗ ಉರಿಯನ್ನು ನಿಲ್ಲಿಸಬೇಕು. ನಡುವೆ ಗಾಳಿಯನ್ನು ಕಡಮೆ ಮಾಡಿ ಹೊಗೆಯುಸಿರಿನಲ್ಲಿ ಸುಟ್ಟರೆ, ಅಳಿದುಳಿದ ಕಬ್ಬಿಣ ಹಳದಿಯಾಗುವುದರ ಬದಲು ತಣ್ಣನೆಯ ನೀಲಿಬಿಳುಪಿಗೆ ತಿರುಗುತ್ತದೆ.

ಇಷ್ಟು ಶ್ರಮದ ಬಿಲ್ಲೆ ಬಾಳುವುದೆಷ್ಟು ಎಂದರೆ ಡ್ರೆಸ್ಡನ್ ನಗರದ ಒಂದು ಬೀದಿಯನ್ನು ತೋರಿಸಬಹುದು. ಸ್ಯಾಕ್ಸನಿಯ ಅರಸರ ಮೆರವಣಿಗೆಯ ಚಿತ್ರವನ್ನು ಅಲ್ಲಿನ ಉದ್ದನೆಯ ಗೋಡೆಗೆ ಗಾರೆಯಲ್ಲಿ ಬಿಡಿಸಿದ್ದುದು ಹವೆಗೆ ಹಾಳಾಗತೊಡಗಿದಾಗ, 1904 ಮತ್ತು 1907ರ ನಡುವೆ ಅದನ್ನು ಮೈಸನ್ ಎಂಬ ಊರಿನ ಸುಮಾರು 23000 ಪಿಂಗಾಣಿ ಬಿಲ್ಲೆಗಳಿಗೆ ವರ್ಗಾಯಿಸಿ, ಸುಮಾರು 102 ಮೀಟರುಗಳ ಉದ್ದಕ್ಕೆ ಕೂರಿಸಿದರು. 1945ರ ಫೆಬ್ರವರಿಯಲ್ಲಿ ಬಾಂಬಿನ ಮಳೆಗೆ ಇಡೀ ನಗರವೇ ಉರಿಯಿತು. ಬಿಲ್ಲೆಗಳ ಗೋಡೆ ಅಲ್ಪಸ್ವಲ್ಪ ಹಾನಿಯೊಡನೆ ನಿಂತುಕೊಂಡಿತು. ಹುಟ್ಟುವಾಗಲೇ ಅವು ಅಂತಹ ಬೆಂಕಿಯನ್ನು ಕಂಡುಬಂದಿದ್ದುವಷ್ಟೆ.

ಕಡೆಯದಾಗಿ ಈ ಮೇಜಿನ ಮೇಲಿರುವ ವಸ್ತು. ಕಳೆದ ಬೇಸಗೆಯಲ್ಲಿ ಇಲ್ಲಿಯ ಒಂದು ಮನೆಯ ಹೊಸ ಬಾವಿಯಿಂದ ತೆಗೆದ ಶೇಡಿಯನ್ನು ಎರಡು ಬುಟ್ಟಿ ಕೇಳಿ ಪಡೆದು, ತೊಳೆದು, ಕ್ರಯಕ್ಕೆ ತಂದ ಫೆಲ್ಡ್‌ಸ್ಪಾರನ್ನೂ ಬೆಣಚಿನ ಹಿಟ್ಟನ್ನೂ ಕೂಡಿಸಿ ಮಾಡಿದ ಹನ್ನೆರಡು ಬಿಲ್ಲೆಗಳಲ್ಲಿ ಉಳಿದದ್ದು ಇದೊಂದು. ಇದನ್ನು ಪಿಂಗಾಣಿಯೆಂದು ನಾನು ಹೇಳಲಾರೆ. ಹೇಳಿದರೆ ಜಿಂಗ್‌ದೆಜೆನ್ನಿನವರು ನಕ್ಕಾರು. ಬಣ್ಣ ಹಾಲಿನದಲ್ಲ, ಹಾಲಿನ ಕೆನೆಯದು, ಅಲ್ಲಲ್ಲಿ ಸಾಸಿವೆ ಸಿಡಿದಂತೆ ಕಬ್ಬಿಣದ ಕಂದು ಚುಕ್ಕಿಗಳು. ನಡುವೆ ಬರೆದಿರುವುದು ಬಾಳೆಯ ಗೊನೆ. ಆದರೆ ಇದನ್ನು ಈ ಗಾಜಿನ ಹಲಗೆಯ ಮೇಲಿಟ್ಟು ಯಾವ ಮೂಲೆಯನ್ನು ಒತ್ತಿದರೂ ಟಕ್ಕೆಂದು ಕುಲುಕುವುದಿಲ್ಲ. ಹದಿನಾಲ್ಕು ದಿವಸ ನೆರಳಿನಲ್ಲಿತ್ತು. ಸಭೆ ಮುಗಿದ ಮೇಲೆ ಬಂದು ನೋಡಿ. ಒಂದು ಮೂಲೆಯನ್ನು ಹಿಡಿದೇ ಎತ್ತಬಹುದು, ಇನ್ನು ಅದಕ್ಕೆ ಆ ಭಯವಿಲ್ಲ.